ಮಗಳು ಬರೆದದ್ದು ವಾಚೆಲಿಯಾ, ಉಪನ್ಯಾಸಕರು ತಿದ್ದಿದ್ದು ಅಕೇಸಿಯಾ: ಜಾಲಿಮರದ ಸರಿಯಾದ ಹೆಸರು ಯಾವುದು?

ತೋಟದಮನೆ:
ಎಲ್ಲರಿಗೂ ನಮಸ್ಕಾರ. ನಾನು ಹೊಸನಗರದ ಕಡೆಯ ಅಡಿಕೆ ಬೆಳೆಗಾರ, ವಿಜ್ಞಾನ ಓದಿದವನಲ್ಲ. ಮಗಳು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಳೆ. ಇಪ್ಪತ್ತೈದು ಗಿಡಗಳ ಹರ್ಬೇರಿಯಂ ಹಾಳೆ ಮಾಡಿ ತರಲು ಕಾಲೇಜಿನಲ್ಲಿ ಹೇಳಿದ್ದರು. ದಸರಾ ರಜೆಯಲ್ಲಿ ಹಿರಿಯೂರಿನ ಅಜ್ಜಿಮನೆಗೆ ಹೋದವಳು ಹೊಲದ ಬದುವಿನಿಂದ ಒಂದು ಜಾಲಿ ಟೊಂಗೆ ಕೊಯ್ದು ತಂದು, ಹಳೆಯ ಪತ್ರಿಕೆಗಳ ನಡುವೆ ಇಟ್ಟು, ಮೇಲೆ ಒರಳುಕಲ್ಲು ಹೇರಿ ಒಣಗಿಸಿದಳು. ಹಾಳೆಯ ಮೂಲೆಯಲ್ಲಿ "ವಾಚೆಲಿಯಾ ನಿಲೋಟಿಕಾ" ಎಂದು ಬರೆದಳು. ಉಪನ್ಯಾಸಕರು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು "ಅಕೇಸಿಯಾ ನಿಲೋಟಿಕಾ" ಎಂದು ತಿದ್ದಿ ಒಂದು ಅಂಕ ಕಳೆದಿದ್ದಾರೆ. ಎರಡು ದಿನದಿಂದ ಮನೆಯಲ್ಲಿ ಇದೇ ಮಾತು. ಅವಳ ತಾಯಿ ನನ್ನನ್ನು ಹೀಗೆ ಕೇಳಲು ಕೂರಿಸಿದ್ದಾಳೆ.

ನನ್ನ ತಲೆಬಿಸಿಯೇ ಬೇರೆ. ನಮ್ಮ ಕಡೆ ಅಕೇಶಿಯಾ ಎಂದರೆ ಗುಡ್ಡದ ಮೇಲೆ ಸಾಲಾಗಿ ನೆಟ್ಟಿರುವ, ಉದ್ದ ಎಲೆಯ, ಒಂದು ಮುಳ್ಳೂ ಇಲ್ಲದ ಮರ. ಅದು ಜಾಲಿ ಹೇಗಾಯಿತು? ಯಾರು ಸರಿ? ಹೆಸರನ್ನು ಹೀಗೆ ಬದಲಾಯಿಸುತ್ತಲೇ ಹೋದರೆ ಮಕ್ಕಳು ಕಲಿಯುವುದಾದರೂ ಏನನ್ನು?

ಮುಳ್ಳುಬೇಲಿ:
ಕೆಲಸವಿಲ್ಲದ ಬಡಗಿ ಮಗನ ಅಂಡು ಕೆತ್ತಿದನಂತೆ. ಇದೂ ಹಾಗೆಯೇ. ಮರ ಬದಲಾಗಲಿಲ್ಲ, ಮುಳ್ಳು ಬದಲಾಗಲಿಲ್ಲ, ಹೆಸರು ಮಾತ್ರ ಬದಲಾಯಿತು.

ಬಯಲುಸೀಮೆ ಮೇಷ್ಟ್ರು:
ನಾನು ಮೂವತ್ತು ವರ್ಷ ಪಾಠ ಮಾಡಿದ್ದು ಅಕೇಸಿಯಾ ನಿಲೋಟಿಕಾ ಎಂದೇ. ಅದಕ್ಕೂ ಮೊದಲು ನನ್ನ ಗುರುಗಳು ಅಕೇಸಿಯಾ ಅರಾಬಿಕಾ ಎನ್ನುತ್ತಿದ್ದರು. ಉಪನ್ಯಾಸಕರನ್ನು ದೂರಬೇಡಿ, ಪಠ್ಯದಲ್ಲಿ ಏನಿದೆಯೋ ಅದನ್ನೇ ಅವರು ತಿದ್ದಿದ್ದಾರೆ. ಆದರೆ ಅಂಕ ಕಳೆಯಬಾರದಿತ್ತು. "ಎಲ್ಲಿ ನೋಡಿ ಬರೆದೆ?" ಎಂದು ಒಂದು ಮಾತು ಕೇಳಬಹುದಿತ್ತು.

ಜೀವಜಾಲ:
ತೋಟದಮನೆಯವರೇ, ನಿಮ್ಮ ಮಗಳು ಬರೆದದ್ದು ಇಂದು ಹೆಚ್ಚಿನವರು ಒಪ್ಪಿರುವ ಹೆಸರು. ಉಪನ್ಯಾಸಕರು ಬರೆದದ್ದು ಅದೇ ಮರದ ಹಿಂದಿನ ಹೆಸರು. ಎರಡೂ ಒಂದೇ ಮರವನ್ನು ತೋರಿಸುತ್ತವೆ. ಹಾಗಾಗಿ ತಪ್ಪು ಮರ ಎಂದು ಯಾರೂ ಹೇಳುವಂತಿಲ್ಲ.

ಕಥೆ ಸ್ವಲ್ಪ ಉದ್ದವಿದೆ, ಕಾಫಿ ಹಿಡಿದುಕೊಂಡು ಕೂರಿ. 1753ರಲ್ಲಿ ಸ್ವೀಡನ್ನಿನ ಕಾರ್ಲ್ ಲಿನ್ನೇಯಸ್ ಇದಕ್ಕೆ ಕೊಟ್ಟ ಹೆಸರು ಮೈಮೋಸಾ ನಿಲೋಟಿಕಾ. ಅಂದರೆ ನಮ್ಮ ನಾಚಿಕೆಮುಳ್ಳಿನ ಜೊತೆ ಒಂದೇ ಗುಂಪಿಗೆ ಹಾಕಿದ್ದ. ನಿಲೋಟಿಕಾ ಎಂದರೆ ನೈಲ್ ನದಿಯದು. ಮರುವರ್ಷವೇ ಇಂಗ್ಲೆಂಡಿನ ಫಿಲಿಪ್ ಮಿಲ್ಲರ್ ಅಕೇಸಿಯಾ ಎಂಬ ಜಾತಿಯನ್ನು (ಜೀನಸ್, ಅಂದರೆ ಹತ್ತಿರದ ಪ್ರಭೇದಗಳ ಗುಂಪು) ಬೇರೆ ಮಾಡಿದ. ಅಕಾಕಿಯಾ ಎಂಬುದು ಹಳೆಯ ಗ್ರೀಕ್ ಮಾತು, ಮೊನೆ ಅಥವಾ ಮುಳ್ಳು ಎಂಬ ಅರ್ಥದ ಪದದಿಂದ ಬಂದದ್ದು. ಈಜಿಪ್ಟಿನ ಮುಳ್ಳಿನ ಮರಕ್ಕೆ ಗ್ರೀಕ್ ವೈದ್ಯರು ಇಟ್ಟಿದ್ದ ಹೆಸರು ಅದು. ಅಂದರೆ ಅಕೇಸಿಯಾ ಎಂಬ ಹೆಸರು ಹುಟ್ಟಿದ್ದೇ ಜಾಲಿಗಾಗಿ.

ಆಮೇಲೆ ಆಸ್ಟ್ರೇಲಿಯಾದ ಗಿಡಗಳು ಯುರೋಪಿಗೆ ಬರತೊಡಗಿದವು. ಅವುಗಳ ಹೂವೂ ಹಳದಿ ಚೆಂಡಿನಂತೆ, ಕೇಸರಗಳೂ ಲೆಕ್ಕವಿಲ್ಲದಷ್ಟು. ಸರಿ, ಇವೂ ಅಕೇಸಿಯಾವೇ ಎಂದು ಒಳಗೆ ಬಿಟ್ಟುಕೊಂಡರು. ಹಾಗೆ ಬಿಟ್ಟುಕೊಳ್ಳುತ್ತಾ ಹೋಗಿ ಒಟ್ಟು 1,300ಕ್ಕೂ ಹೆಚ್ಚು ಪ್ರಭೇದಗಳ ಸಂತೆಯಾಯಿತು. ಮುಂದೆ ಡಿಎನ್‌ಎ ಹೋಲಿಸಿ ನೋಡಿದಾಗ ಇವೆಲ್ಲ ಒಂದೇ ಬಳ್ಳಿಯ ಕಾಯಿಗಳಲ್ಲ ಎಂದು ಖಚಿತವಾಯಿತು. ಜಾಲಿಯ ಗುಂಪು ಬೇರೆ, ಸೀಗೆಯ ಗುಂಪು ಬೇರೆ, ಆಸ್ಟ್ರೇಲಿಯಾದ ಗುಂಪು ಬೇರೆ. ಪಾಲಾಗಲೇಬೇಕಾಯಿತು. ಜಗಳ ಬಂದದ್ದು ಹಳೆಯ ಹೆಸರು ಯಾರಿಗೆ ಎಂಬುದರಲ್ಲಿ.

ಕಡಲತಡಿ:
ಅಯ್ಯೋ ಮಾರಾಯರೇ, ಮುಖ್ಯವಾದ ಜಾಗದಲ್ಲೇ ನಿಲ್ಲಿಸಿದಿರಲ್ಲ!

ಜೀವಜಾಲ:
ಮೀಟಿಂಗ್ ಇತ್ತು, ಕ್ಷಮಿಸಿ. ಮುಂದುವರಿಸುತ್ತೇನೆ.

ಸಸ್ಯನಾಮಕರಣಕ್ಕೆ ಒಂದು ನಿಯಮಾವಳಿ ಇದೆ. ಪ್ರತಿ ಜಾತಿಗೂ ಒಂದು ಮಾದರಿ ಪ್ರಭೇದ ಇರುತ್ತದೆ. ಜಾತಿ ಎಷ್ಟು ಹೋಳಾದರೂ ಹಳೆಯ ಹೆಸರು ಮಾದರಿ ಪ್ರಭೇದ ಇರುವ ಹೋಳಿಗೇ ಸೇರಬೇಕು. ಅಕೇಸಿಯಾದ ಮಾದರಿ ಯಾವುದು? ನಮ್ಮ ಜಾಲಿಯೇ. ನಿಯಮ ನೋಡಿದರೆ ಹೆಸರು ಜಾಲಿಗೆ ಉಳಿದು, ಆಸ್ಟ್ರೇಲಿಯಾದವು ರಾಕೋಸ್ಪರ್ಮಾ ಎಂಬ ಹೆಸರಿಗೆ ಹೋಗಬೇಕಿತ್ತು. ಆದರೆ ಆ ಗುಂಪಿನಲ್ಲಿ ಸುಮಾರು ಸಾವಿರ ಪ್ರಭೇದಗಳು. ಸಾವಿರ ಹೆಸರು ಬದಲಾಯಿಸುವುದಕ್ಕಿಂತ ಮಾದರಿಯನ್ನೇ ಬದಲಾಯಿಸಿಬಿಡಿ ಎಂದು ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು 2003ರಲ್ಲಿ ಪ್ರಸ್ತಾವ ಇಟ್ಟರು. 2005ರಲ್ಲಿ ವಿಯೆನ್ನಾದ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ಅದು ಗೆದ್ದಿತು. 2011ರಲ್ಲಿ ಮೆಲ್ಬರ್ನ್ ಸಮ್ಮೇಳನದಲ್ಲಿ ಮತ್ತೆ ಕೆದಕಿದರು, ಅಲ್ಲಿಯೂ ಆ ತೀರ್ಮಾನವೇ ಉಳಿಯಿತು. ಈಗ ಅಕೇಸಿಯಾದ ಮಾದರಿ ಆಸ್ಟ್ರೇಲಿಯಾದ ಅಕೇಸಿಯಾ ಪೆನ್ನಿನರ್ವಿಸ್. ಜಾಲಿ ವಾಚೆಲಿಯಾ ಆಯಿತು, ಸೀಗೆ ಸೆನೆಗಾಲಿಯಾ ಆಯಿತು.

ಮುಳ್ಳುಬೇಲಿ:
ಅಂದರೆ ಮೂಲಮನೆಯಲ್ಲಿ ಹುಟ್ಟಿದ ಹಿರಿಯ ಮಗನನ್ನು ಹೊರಗೆ ಹಾಕಿ, ನಡುವೆ ಬಂದು ಸೇರಿದ ನೆಂಟರಿಗೆ ಮನೆತನದ ಹೆಸರು ಬರೆದುಕೊಟ್ಟರು. ಕಾರಣ? ಅವರು ಸಂಖ್ಯೆಯಲ್ಲಿ ಹೆಚ್ಚು!

ಜೀವಜಾಲ:
ಹೋಲಿಕೆ ಮುಕ್ಕಾಲು ಪಾಲು ಸರಿ. ಆದರೆ ಪಾಲಿನಲ್ಲಿ ಜಮೀನು ಕೈಬದಲಾಗುತ್ತದೆ. ಇಲ್ಲಿ ಬದಲಾದದ್ದು ಬೋರ್ಡು ಮಾತ್ರ.

ಮುಳ್ಳುಬೇಲಿ:
ಬೋರ್ಡು ಮಾತ್ರ ಎನ್ನುವವರು ಯಾವತ್ತೂ ಬೋರ್ಡು ಇಟ್ಟುಕೊಂಡವರೇ ಆಗಿರುತ್ತಾರೆ. ವಿಯೆನ್ನಾದಲ್ಲಿ ಮತ ಹಾಕಿದ್ದು ಎಷ್ಟು ಜನ, ಹೇಗೆ ಎಂಬುದನ್ನೂ ಹೇಳಿ. ಅಷ್ಟರ ಮಟ್ಟಿಗೆ ನಾನೂ ಓದಿದ್ದೇನೆ.

ಜೀವಜಾಲ:
ಒಪ್ಪುತ್ತೇನೆ, ಅದು ಆ ಪ್ರಕರಣದ ಕಹಿ ಭಾಗ. ಪ್ರಸ್ತಾವವನ್ನು ತಿರಸ್ಕರಿಸಿ ಎಂದವರು ಶೇ. 54.9. ಆದರೆ ಸಮಿತಿ ಆಗಲೇ ಶಿಫಾರಸು ಮಾಡಿದ್ದರಿಂದ ಅದನ್ನು ಬೀಳಿಸಲು ಶೇ. 60 ಬೇಕಿತ್ತು. ಹೀಗಾಗಿ ಹೆಚ್ಚಿನವರು ಬೇಡವೆಂದರೂ ಪ್ರಸ್ತಾವ ಉಳಿಯಿತು. ಆಫ್ರಿಕಾದ ಸಸ್ಯಶಾಸ್ತ್ರಜ್ಞರು ವರ್ಷಗಟ್ಟಲೆ ಸಿಟ್ಟಿನಲ್ಲಿದ್ದರು. ಛತ್ರಿಯಂತೆ ಹರಡಿದ ಆ ಮುಳ್ಳುಮರ ಅವರ ಬಯಲುಗಳ ಗುರುತು. ಅದರಿಂದ ಅಕೇಸಿಯಾ ಎಂಬ ಹೆಸರನ್ನು ಕಿತ್ತುಕೊಂಡರೆ ಯಾರಿಗೆ ತಾನೇ ಬೇಸರವಾಗುವುದಿಲ್ಲ?

ಬಯಲುಸೀಮೆ ಮೇಷ್ಟ್ರು:
ಇಷ್ಟೆಲ್ಲ ನಡೆದದ್ದು ನನಗೆ ನಿವೃತ್ತಿಯಾದ ಮೇಲೆ ತಿಳಿಯುತ್ತಿದೆ. ಪಾಠ ಮಾಡುವಾಗ ತಿಳಿದಿದ್ದರೆ ಮಕ್ಕಳು ಆ ತರಗತಿಯಲ್ಲಾದರೂ ನಿದ್ದೆ ಮಾಡುತ್ತಿರಲಿಲ್ಲ.

ಮೆಲ್ಬರ್ನ್ ವಾಸಿ:
ಇಲ್ಲಿಂದ ಎರಡು ಮಾತು. ಇಲ್ಲಿ ಅಕೇಸಿಯಾಗೆ ಜನ ಹೇಳುವುದು ವಾಟಲ್ ಎಂದು. ಗೋಲ್ಡನ್ ವಾಟಲ್ ಈ ದೇಶದ ರಾಷ್ಟ್ರಪುಷ್ಪ. ಸೆಪ್ಟೆಂಬರ್ 1ಕ್ಕೆ ವಾಟಲ್ ದಿನವೆಂದು ಆಚರಣೆಯೂ ಇದೆ. ಕ್ರಿಕೆಟ್ ತಂಡದ ಹಸಿರು ಮತ್ತು ಚಿನ್ನದ ಬಣ್ಣ ಇದೆಯಲ್ಲ, ಅದನ್ನು ಇಲ್ಲಿಯವರು ನೋಡುವುದು ಈ ಮರದ ಎಲೆ, ಹೂವುಗಳಲ್ಲಿಯೇ. ಹೆಸರು ಬಿಟ್ಟುಕೊಡಲು ಅವರು ಸುಲಭವಾಗಿ ಒಪ್ಪುವವರಲ್ಲ.

ಇನ್ನೊಂದು ತಮಾಷೆ. ಕ್ವೀನ್ಸ್‌ಲ್ಯಾಂಡಿನಲ್ಲಿ ನಿಮ್ಮ ಜಾಲಿ ದೊಡ್ಡ ಕಳೆ! ನೆರಳಿಗೆ, ಕುರಿ ದನಗಳ ಮೇವಿಗೆ ಎಂದು ತಂದು ನೆಟ್ಟರು, ಅದು ಹುಲ್ಲುಗಾವಲನ್ನೇ ನುಂಗಿತು. ದೇಶದ ಮಟ್ಟದ ಕಳೆಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಅಲ್ಲಿರುವುದು ಭಾರತದ ಕಡೆಯ ಉಪಪ್ರಭೇದ, ಇಂಡಿಕಾ.

ತೋಟದಮನೆ:
ಅವರ ಮರ ನಮ್ಮ ಗುಡ್ಡ ನುಂಗಿತು, ನಮ್ಮ ಮರ ಅವರ ಹುಲ್ಲುಗಾವಲು ನುಂಗಿತು. ಕೊಟ್ಟು ತಂದ ಸಂಬಂಧ ಎಂದರೆ ಇದೇ ಇರಬೇಕು.

ಸೊಪ್ಪಿನಬೆಟ್ಟ:
ತೋಟದಮನೆಯವರ ಗುಡ್ಡದ ಮೇಲಿರುವುದು ಅಕೇಸಿಯಾ ಆರಿಕ್ಯುಲಿಫಾರ್ಮಿಸ್. ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿ ಕಡೆಯದು. ಕಿವಿಯ ಆಕಾರದ್ದು ಎಂದು ಹೆಸರಿನ ಅರ್ಥ. ಅದರ ಸುರುಳಿ ಸುತ್ತಿದ ಕಾಯಿ ನೋಡಿದವರಿಗೆ ಬೇರೆ ವಿವರಣೆ ಬೇಡ. ನಾನು ಶಿರಸಿ ಕಡೆಯವನು. ನೆಡುತೋಪು ಮಾಡಿ ನಮ್ಮ ಬೆಟ್ಟಗಳಿಗೆ ಅದನ್ನು ತಂದು ಹಾಕಿದ ಮೇಲೆ ದರಕು, ಅಂದರೆ ಉದುರಿದ ಒಣ ಎಲೆ ಸಹ ಸರಿಯಾಗಿ ಕೊಳೆಯುವುದಿಲ್ಲ. ಕೊಟ್ಟಿಗೆಗೆ ಸೊಪ್ಪು ಇಲ್ಲ, ದನಕ್ಕೆ ಹುಲ್ಲು ಇಲ್ಲ. ಅಧಿಕಾರಿಗಳಿಗೆ ಮನವಿ ಕೊಟ್ಟು ಕೊಟ್ಟು...

ನಿರ್ವಾಹಕ:
ಸೊಪ್ಪಿನಬೆಟ್ಟ ಅವರೇ, ನೆಡುತೋಪಿನ ಚರ್ಚೆಗೆ ಬೇರೆ ಎಳೆ ಇದೆ. ಅಲ್ಲಿ ಆಗಲೇ ನಾನೂರು ಪ್ರತಿಕ್ರಿಯೆಗಳಿವೆ, ದಯವಿಟ್ಟು ಅಲ್ಲಿಗೇ ಸೇರಿಸಿ.

ಸೊಪ್ಪಿನಬೆಟ್ಟ:
ಸರಿ, ವಿಷಯಕ್ಕೆ ಬರುತ್ತೇನೆ. ಆ ಉದ್ದನೆಯ "ಎಲೆ" ಎಲೆಯೇ ಅಲ್ಲ, ತೊಟ್ಟು. ತೊಟ್ಟು ಚಪ್ಪಟೆಯಾಗಿ ಎಲೆಯ ಕೆಲಸ ಮಾಡುತ್ತದೆ. ನಂಬಿಕೆ ಬಾರದಿದ್ದರೆ ಮಳೆಗಾಲದಲ್ಲಿ ಮರದ ಬುಡದ ಸಸಿಗಳನ್ನು ನೋಡಿ. ಮೊಳಕೆಯೊಡೆದ ಹೊಸದರಲ್ಲಿ ಥೇಟ್ ಜಾಲಿಯಂತೆ, ಹುಣಸೆಯಂತೆ ಚಿಕ್ಕ ಚಿಕ್ಕ ಎಲೆಗಳಿರುತ್ತವೆ. ಸಸಿ ಬೆಳೆದಂತೆ ಆ ಎಲೆಗಳು ಮಾಯವಾಗಿ ತೊಟ್ಟು ಅಗಲವಾಗುತ್ತದೆ. ಎಳೆಯದರಲ್ಲಿ ನೆಂಟಸ್ತಿಕೆ ಕಾಣುತ್ತದೆ, ಬೆಳೆದ ಮೇಲೆ ಕಾಣುವುದಿಲ್ಲ.

ತೋಟದಮನೆ:
ಇದು ಮಾತು! ಇವತ್ತೇ ಸಂಜೆ ಮಗಳನ್ನು ಕರೆದುಕೊಂಡು ಗುಡ್ಡಕ್ಕೆ ಹೋಗುತ್ತೇನೆ.

ಕಡಲತಡಿ:
ಒಂದು ವಿಷಯ ಯಾರೂ ಗಮನಿಸಿಲ್ಲ. ಮಲೆನಾಡಿನವರು ಆಸ್ಟ್ರೇಲಿಯಾದ ಮರವನ್ನೇ ಅಕೇಶಿಯಾ ಎಂದರು, ಜಾಲಿಯನ್ನು ಯಾವತ್ತೂ ಹಾಗೆ ಕರೆಯಲಿಲ್ಲ. ಜಗತ್ತಿನ ಸಸ್ಯಶಾಸ್ತ್ರಜ್ಞರು ವಿಯೆನ್ನಾದಲ್ಲಿ ಜಗಳ ಮಾಡಿ, ಮೆಲ್ಬರ್ನಿನಲ್ಲಿ ಜಗಳ ಮಾಡಿ, ಕೊನೆಗೆ ಬಂದು ತಲುಪಿದ್ದು ಹೊಸನಗರದವರ ತೀರ್ಮಾನಕ್ಕೆ!

ಬಯಲುಸೀಮೆ ಮೇಷ್ಟ್ರು:
ಹೌದಲ್ಲ!

ಬಳ್ಳಾರಿಯವ:
ಹೆಸರಿನ ಅನ್ಯಾಯದ ಮಾತು ಬಂದದ್ದಕ್ಕೆ ನನ್ನ ದೂರನ್ನೂ ಸೇರಿಸಿಕೊಳ್ಳಿ. "ಬಳ್ಳಾರಿ ಜಾಲಿ" ಎಂದು ಒಂದು ದರಿದ್ರ ಗಿಡಕ್ಕೆ ನಮ್ಮ ಊರಿನ ಹೆಸರು ಕಟ್ಟಿದ್ದೀರಿ. ಕೆರೆ ಅಂಗಳದಲ್ಲಿ ಬಳ್ಳಾರಿ ಜಾಲಿ, ಕಾಲುವೆಯಲ್ಲಿ ಬಳ್ಳಾರಿ ಜಾಲಿ, ತೆರವುಗೊಳಿಸಲು ಟೆಂಡರ್ ಕರೆದರೂ ಬಳ್ಳಾರಿ ಜಾಲಿ. ಅದು ಹುಟ್ಟಿದ್ದು ಮೆಕ್ಸಿಕೋ, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಉತ್ತರ ಭಾಗದಲ್ಲಿ. ನಮ್ಮ ತಪ್ಪೇನು?

ಜೀವಜಾಲ:
ಅದು ಬಳ್ಳಾರಿಯದಲ್ಲ, ಜಾಲಿಯೂ ಅಲ್ಲ. ಹೆಸರಿನ ಎರಡು ಪದಗಳೂ ಸುಳ್ಳು! ಜಾಲಿಗೆ ಹಳದಿ ಚೆಂಡಿನ ಹೂವು, ಕೇಸರಗಳು ಎಣಿಸಲಾಗದಷ್ಟು. ಬಳ್ಳಾರಿ ಜಾಲಿಗೆ ಬೆರಳಿನಂತೆ ಉದ್ದಕ್ಕೆ ಇಳಿಬಿದ್ದ ಹೂಗೊಂಚಲು, ಒಂದು ಹೂವಿಗೆ ಹತ್ತೇ ಕೇಸರ. ಜೂಲಿಫ್ಲೋರಾ ಎಂಬ ಹೆಸರು ಬಂದದ್ದು ಆ ಗೊಂಚಲಿನ ಆಕಾರದಿಂದಲೇ. ಅಂದ ಹಾಗೆ ಅದರ ಹೆಸರೂ ಬದಲಾಗಿದೆ. ಪ್ರೊಸೋಪಿಸ್ ಜೂಲಿಫ್ಲೋರಾ ಇದ್ದದ್ದು 2022ರಿಂದ ನೆಲ್ಟುಮಾ ಜೂಲಿಫ್ಲೋರಾ.

ಮುಳ್ಳುಬೇಲಿ:
ಮತ್ತೆ!

ಕೋಲಾರದ ಅಕ್ಕ:
ನಮ್ಮ ಗಡಿಯ ಆಚೆ ತೆಲುಗಿನವರು ಅದನ್ನು ಸರ್ಕಾರಿ ತುಮ್ಮ ಎನ್ನುತ್ತಾರೆ. ತಮಿಳಿನವರು ಸೀಮೈ ಕರುವೇಲಂ, ಅಂದರೆ ಸೀಮೆ ಜಾಲಿ ಎನ್ನುತ್ತಾರೆ. ತೆಲುಗಿನವರು ಸರ್ಕಾರವನ್ನು ದೂರಿದರು, ತಮಿಳಿನವರು ಪರದೇಶವನ್ನು ದೂರಿದರು, ಕನ್ನಡದವರು ಬಳ್ಳಾರಿಯನ್ನು ದೂರಿದರು. ನಮ್ಮ ಮನೆಯಲ್ಲಿ ಮೂರೂ ಭಾಷೆ ನಡೆಯುವುದರಿಂದ ಮೂವರನ್ನೂ ಬೈಯುತ್ತೇವೆ.

ಬಳ್ಳಾರಿಯವ:
ಅಕ್ಕಾ, ತೆಲುಗಿನವರೇ ನ್ಯಾಯವಂತರು. ಇನ್ನು ಮೇಲೆ ನಾನೂ ಸರ್ಕಾರಿ ಜಾಲಿ ಎಂದೇ ಹೇಳುತ್ತೇನೆ.

ಧಾರವಾಡದ ಪೇಡೆ:
ಪ್ರೊಸೋಪಿಸ್ ಬದಲಾಯಿತು ಎಂದಿರಿ. ಹಾಗಾದರೆ ಬನ್ನಿ ಮರ? ಅದೂ ಪ್ರೊಸೋಪಿಸ್ ಎಂದೇ ಓದಿದ ನೆನಪು. ದಸರೆಯ ಬನ್ನಿಯೂ ನೆಲ್ಟುಮಾ ಆಯಿತೇ? ಹಾಗೇನಾದರೂ ಆದರೆ ನಾನೂ ಮುಳ್ಳುಬೇಲಿಯವರ ಪಕ್ಷ.

ಜೀವಜಾಲ:
ಇಲ್ಲ, ಬನ್ನಿ ಗೆದ್ದಿದೆ. ಪ್ರೊಸೋಪಿಸ್ ಜಾತಿಯ ಮಾದರಿಯೇ ಬನ್ನಿ. ಹಾಗಾಗಿ ಹೋಳಾದಾಗ ಹಳೆಯ ಹೆಸರು ಬನ್ನಿಯ ಹತ್ತಿರವೇ ಉಳಿಯಿತು: ಪ್ರೊಸೋಪಿಸ್ ಸಿನರೇರಿಯಾ. ಅಮೆರಿಕದ ಕಡೆಯವು ಹೊಸ ಹೆಸರು ಹುಡುಕಿಕೊಂಡು ಹೋದವು. ಜಾಲಿಗೆ ಸಿಗದ ನ್ಯಾಯ ಬನ್ನಿಗೆ ಸಿಕ್ಕಿತು.

ಧಾರವಾಡದ ಪೇಡೆ:
ಬನ್ನಿ ಕೊಟ್ಟು ಬಂಗಾರದಂತೆ ಇರೋಣ!

ಬಯಲುಸೀಮೆ ಮೇಷ್ಟ್ರು:
ಸ್ವಲ್ಪ ನಿಲ್ಲಿ. ಯಾವ ಬನ್ನಿ? ಕರ್ನಾಟಕದಲ್ಲಿ ಬನ್ನಿ ಎಂದು ಪೂಜಿಸುವ ಮರ ಎಲ್ಲ ಕಡೆಯೂ ಒಂದೇ ಅಲ್ಲ. ಹಲವು ಊರುಗಳ ಬನ್ನಿಕಟ್ಟೆಯಲ್ಲಿರುವುದು ಹಿಂದೆ ಅಕೇಸಿಯಾ ಫೆರುಜಿನಿಯಾ ಎನ್ನುತ್ತಿದ್ದ ಮರ. ನಾನು ಕೆಲಸ ಮಾಡಿದ ಒಂದು ಊರಿನಲ್ಲಿ ಮಕ್ಕಳಿಗೆ ಹೂವು ತರಲು ಹೇಳಿ, ಕೇಸರ ಎಣಿಸಿ ನೋಡಿದಾಗ ಹತ್ತು ದಾಟಿ ಎಲ್ಲಿಗೋ ಹೋಯಿತು. ಪೂಜಾರಪ್ಪನವರಿಗೆ ಹೇಳಿದೆ. "ಮೇಷ್ಟ್ರೇ, ದೇವಿಗೆ ಗೊತ್ತಿದೆ, ನೀವು ಸುಮ್ಮನಿರಿ" ಎಂದರು. ಸುಮ್ಮನಾದೆ.

ಜೀವಜಾಲ:
ಮೇಷ್ಟ್ರು ಹೇಳಿದ್ದು ಸರಿ. ಆ ಮರ ಈಗ ಸೆನೆಗಾಲಿಯಾ ಫೆರುಜಿನಿಯಾ, ಸೀಗೆಯ ಬಳಗ.

ಬೆಳಗಾವಿ ಗಡಿ:
ಮಹಾರಾಷ್ಟ್ರದಲ್ಲಿ ದಸರೆಗೆ ಬಂಗಾರವೆಂದು ಕೊಡುವುದು ಆಪ್ಟಾ ಎಲೆ. ಅದು ಬಸವನಪಾದದ ಜಾತಿ, ಬೌಹಿನಿಯಾ. ಜಾನ್ ಮತ್ತು ಗ್ಯಾಸ್ಪರ್ಡ್ ಬೌಹಿನ್ ಎಂಬ ಅಣ್ಣತಮ್ಮಂದಿರ ನೆನಪಿಗೆ ಇಟ್ಟ ಹೆಸರು ಅದು. ಎಲೆ ಎರಡು ಹೋಳಾಗಿರುತ್ತದಲ್ಲ, ಒಂದು ಹೋಳು ಅಣ್ಣ, ಇನ್ನೊಂದು ತಮ್ಮ. ಲಿನ್ನೇಯಸನಿಗೆ ಇಂತಹ ಕೀಟಲೆ ಇಷ್ಟ. ಎರಡು ಪದಗಳ ಹೆಸರಿನ ಪದ್ಧತಿಯನ್ನು ಕಂಡುಹಿಡಿದವನು ಅವನೇ ಅಲ್ಲವೇ, ತನಗೆ ಬೇಕಾದ ಹಾಗೆ ಆಡಿದ.

ಜೀವಜಾಲ:
ಒಂದು ತಿದ್ದುಪಡಿ. ಅದೇ ಗ್ಯಾಸ್ಪರ್ಡ್ ಬೌಹಿನ್ 1623ರಲ್ಲೇ ಅನೇಕ ಗಿಡಗಳಿಗೆ ಎರಡು ಪದಗಳ ಹೆಸರು ಬಳಸಿದ್ದ. ಉಳಿದಂತೆ ಆ ಕಾಲದ ಹೆಸರುಗಳು ಒಂದೊಂದು ಸಾಲಿನಷ್ಟು ಉದ್ದ. ಹೆಸರೂ ಅದೇ, ವರ್ಣನೆಯೂ ಅದೇ. ಲಿನ್ನೇಯಸನ ಸಾಧನೆ ಎಲ್ಲಕ್ಕೂ ತಪ್ಪದೆ ಎರಡೇ ಪದ ಕೊಟ್ಟದ್ದು. ಅದಕ್ಕೇ ಸಸ್ಯಗಳ ಹೆಸರಿನ ಲೆಕ್ಕ ಅವನ 1753ರ ಗ್ರಂಥದಿಂದ, ಪ್ರಾಣಿಗಳ ಲೆಕ್ಕ 1758ರ ಗ್ರಂಥದಿಂದ ಶುರು. ಅದಕ್ಕಿಂತ ಹಿಂದಿನವು ಲೆಕ್ಕಕ್ಕಿಲ್ಲ.

ವಿಚಾರಿ:
ಕನ್ನಡದಲ್ಲಿ ಜೀನಸ್‌ಗೆ "ಜಾತಿ" ಎಂದು ಬರೆಯುತ್ತಿದ್ದೀರಿ. "ಕುಲ" ಎನ್ನಬೇಕು. ಸ್ಪೀಶೀಸ್‌ಗೆ ಕೆಲವರು ಜಾತಿ ಎನ್ನುತ್ತಾರೆ, ಕೆಲವರು ಪ್ರಭೇದ ಎನ್ನುತ್ತಾರೆ. ಮೊದಲು ನಮ್ಮ ಮನೆಯ ಗೊಂದಲ ಬಗೆಹರಿಸಿಕೊಂಡು ಆಮೇಲೆ ವಿಯೆನ್ನಾಗೆ ಹೋಗೋಣ.

ಬಯಲುಸೀಮೆ ಮೇಷ್ಟ್ರು:
ಪತ್ರಿಕೆಗಳಲ್ಲಿ ಸ್ಪೀಶೀಸ್‌ಗೆ ಪ್ರಭೇದ ಎಂಬುದು ಗಟ್ಟಿಯಾಗಿ ನಿಂತಿದೆ. ಜೀನಸ್‌ಗೆ ಜಾತಿ, ಕುಲ ಎರಡೂ ನಡೆಯುತ್ತವೆ. ತರಗತಿಯಲ್ಲಿ ಎರಡೂ ಕಷ್ಟವೇ. "ನಿನ್ನ ಗಿಡದ ಜಾತಿ ಯಾವುದು?" ಎಂದು ಕೇಳಿದರೆ ಹಿಂದಿನ ಬೆಂಚಿನವರು ನಗುತ್ತಾರೆ, "ಕುಲ ಯಾವುದು?" ಎಂದರೆ ಇನ್ನೂ ಜೋರಾಗಿ ನಗುತ್ತಾರೆ.

ಅಜ್ಜಿಯ ಮೊಮ್ಮಗ:
ಇಷ್ಟೆಲ್ಲ ಓದಿದ ಮೇಲೆ ನನ್ನ ಅಜ್ಜಿಯ ಮಾತು ನೆನಪಾಯಿತು. ನಾವು ತುರುವೇಕೆರೆ ಕಡೆಯವರು. ಹೊಲಕ್ಕೆ ಹೋಗುವಾಗ ಅಜ್ಜಿ ಎಚ್ಚರಿಸುತ್ತಿದ್ದದ್ದು ಹೀಗೆ: ಜಾಲಿಮುಳ್ಳು ಕಾಲಿಗೆ, ಸೀಗೆಮುಳ್ಳು ಸೀರೆಗೆ. ಜಾಲಿಯದು ಸೂಜಿಯಂತೆ ನೆಟ್ಟಗೆ, ಜೋಡಿ ಜೋಡಿಯಾಗಿ ಇರುತ್ತದೆ. ಚಪ್ಪಲಿಯನ್ನೂ ತೂರಿ ಅಂಗಾಲಿಗೆ ಹೋಗುತ್ತದೆ. ಸೀಗೆಯದು ಕೊಕ್ಕೆಯಂತೆ ಬಾಗಿರುತ್ತದೆ. ಚುಚ್ಚುವುದಕ್ಕಿಂತ ಹಿಡಿದು ಎಳೆಯುತ್ತದೆ. ಒಮ್ಮೆ ಸೀಗೆಪೊದೆಗೆ ಸಿಕ್ಕಿಕೊಂಡ ಸೆರಗನ್ನು ಬಿಡಿಸಲು ಅಜ್ಜಿಗೆ ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಬೈದದ್ದು ಗಿಡವನ್ನಲ್ಲ, ತಾತನನ್ನು.

ಜೀವಜಾಲ:
ನಿಮ್ಮ ಅಜ್ಜಿ ಹೇಳಿದ್ದೇ ವಾಚೆಲಿಯಾಕ್ಕೂ ಸೆನೆಗಾಲಿಯಾಕ್ಕೂ ಇರುವ ವ್ಯತ್ಯಾಸ! ವಾಚೆಲಿಯಾದಲ್ಲಿ ಎಲೆಯ ಬುಡದ ಉಪಪರ್ಣಗಳೇ ಜೋಡಿ ಮುಳ್ಳುಗಳಾಗುತ್ತವೆ. ಸೆನೆಗಾಲಿಯಾದಲ್ಲಿ ಉಪಪರ್ಣದ ಮುಳ್ಳು ಇರುವುದಿಲ್ಲ, ತೊಗಟೆಯಿಂದ ಎದ್ದ ಕೊಕ್ಕೆಗಳಿರುತ್ತವೆ. ಆಸ್ಟ್ರೇಲಿಯಾದವುಗಳಲ್ಲಿ ಹೆಚ್ಚಿನವಕ್ಕೆ ಮುಳ್ಳೇ ಇಲ್ಲ. ತೋಟದಮನೆಯವರೇ, ಮಗಳ ಹಾಳೆಯಲ್ಲಿ ಜೋಡಿ ಮುಳ್ಳು ಕಾಣುವಂತೆ ಟೊಂಗೆಯನ್ನು ಅಂಟಿಸಿದ್ದಾಳೆಯೇ? ಇದ್ದರೆ ಅದನ್ನೇ ಉಪನ್ಯಾಸಕರಿಗೆ ತೋರಿಸಲಿ.

ಮುಳ್ಳುಬೇಲಿ:
ನನ್ನ ವಾದ ಅದೇ. ಅಜ್ಜಿಗೆ ಗೊತ್ತಿದ್ದದ್ದನ್ನು ಕಂಡುಹಿಡಿಯಲು ಇನ್ನೂರೈವತ್ತು ವರ್ಷ. ಅದೂ ಕೊನೆಗೆ ಇಟ್ಟ ಹೆಸರು ಯಾವನೋ ವಾಚೆಲ್ ಎಂಬ ಬಿಳಿಯನದು.

ಜೀವಜಾಲ:
ವಾಚೆಲ್ ಮಕಾವುವಿನಲ್ಲಿದ್ದ ಇಂಗ್ಲಿಷ್ ಪಾದ್ರಿ, ಚೀನಾದ ಕಡೆ ಗಿಡ ಸಂಗ್ರಹಿಸಿದವನು. ಆದರೆ ಹೆಸರು ಹೊಸದಲ್ಲ. ಇಟ್ಟದ್ದು 1834ರಲ್ಲಿ, ದಕ್ಷಿಣ ಭಾರತದ ಗಿಡಗಳ ಬಗ್ಗೆ ಬರೆದ ಗ್ರಂಥದಲ್ಲಿ. ಇಟ್ಟವರು ರಾಬರ್ಟ್ ವೈಟ್ ಮತ್ತು ವಾಕರ್ ಆರ್ನಾಟ್. ವೈಟ್ ಮದರಾಸು ಪ್ರಾಂತ್ಯದಲ್ಲಿ ಕಂಪನಿಯ ವೈದ್ಯನಾಗಿದ್ದವನು. ಅವರ ಎದುರಿಗಿದ್ದದ್ದು ಕಸ್ತೂರಿಜಾಲಿ. ಹೆಸರು ಮೂಲೆಯಲ್ಲಿ ಬಿದ್ದಿತ್ತು. ಪಾಲಾದಾಗ ಧೂಳು ಒರೆಸಿ ತೆಗೆದರು. ಹಳೆಯ ಹೆಸರು ಇರುವಾಗ ಹೊಸದನ್ನು ಸೃಷ್ಟಿಸುವಂತಿಲ್ಲ ಎಂಬುದೂ ನಿಯಮವೇ.

ಮುಳ್ಳುಬೇಲಿ:
ಹಳೆಯದು ಉಳಿಯಬೇಕು ಎಂಬ ನಿಯಮ ವಾಚೆಲ್‌ಗೆ ಅನ್ವಯಿಸುತ್ತದೆ, ಜಾಲಿಗೆ ಅನ್ವಯಿಸುವುದಿಲ್ಲ. ಚೆನ್ನಾಗಿದೆ.

ಕಡಲತಡಿ:
ಈ ಏಟು ಸರಿಯಾಗಿ ಬಿತ್ತು.

ಜೀವಜಾಲ:
ಬಿತ್ತು, ಒಪ್ಪಿದೆ.

ಮೆಲ್ಬರ್ನ್ ವಾಸಿ:
ಅನ್ಯಾಯವೆನಿಸಿದ ಹೆಸರುಗಳನ್ನು ಬದಲಾಯಿಸಿದ ಉದಾಹರಣೆಯೂ ಈಗ ಇದೆ. ದಕ್ಷಿಣ ಆಫ್ರಿಕಾದಲ್ಲಿ ಕಪ್ಪು ಜನರನ್ನು ಹೀನಾಯವಾಗಿ ಕರೆಯುತ್ತಿದ್ದ ಬೈಗುಳವೊಂದು "ಕಾಫ್ರಾ" ಎಂಬ ರೂಪದಲ್ಲಿ ಇನ್ನೂರಕ್ಕೂ ಹೆಚ್ಚು ಹೆಸರುಗಳಲ್ಲಿ ಉಳಿದಿತ್ತು. 2024ರ ಮ್ಯಾಡ್ರಿಡ್ ಸಮ್ಮೇಳನದಲ್ಲಿ ಮತಕ್ಕೆ ಹಾಕಿ "ಆಫ್ರಾ" ಎಂದು ಬದಲಾಯಿಸಲು ತೀರ್ಮಾನಿಸಿದರು. ಅಂದರೆ ಆಫ್ರಿಕಾದ್ದು. ಒಂದಕ್ಷರದ ಕೆಲಸ, ಅದಕ್ಕೂ ಇಷ್ಟು ವರ್ಷ ಬೇಕಾಯಿತು.

ವಿಚಾರಿ:
ಹಾಗಾದರೆ ಹುಣಸೆಯನ್ನು ಏಕೆ ಬಿಟ್ಟಿದ್ದಾರೆ? ಟ್ಯಾಮರಿಂಡಸ್ ಇಂಡಿಕಾ. ಮರದ ಮೂಲ ಆಫ್ರಿಕಾ. ಅರಬರು ಹಿಂದೂಸ್ತಾನದ ಖರ್ಜೂರ, ತಮರ್ ಹಿಂದಿ ಎಂದರು. ಲಿನ್ನೇಯಸ್ ಅದಕ್ಕೆ ಇನ್ನೊಂದು ಇಂಡಿಕಾ ಅಂಟಿಸಿದ. ಒಂದು ತಪ್ಪನ್ನು ಎರಡು ಸಲ ಬರೆದ ಹಾಗಾಯಿತು.

ಜೀವಜಾಲ:
ಅರ್ಥ ತಪ್ಪು ಎಂಬ ಒಂದೇ ಕಾರಣಕ್ಕೆ ಹೆಸರು ಬದಲಾಯಿಸುವಂತಿಲ್ಲ. ಹೆಸರು ಗುರುತಿನ ಚೀಟಿ, ಜಾತಕವಲ್ಲ. ಕರಿಯಪ್ಪ ಎಂಬವರು ಬೆಳ್ಳಗಿದ್ದರೆ ನಾವು ಹೆಸರು ಬದಲಾಯಿಸಿಕೊಳ್ಳಿ ಎನ್ನುತ್ತೇವೆಯೇ?

ಬಳ್ಳಾರಿಯವ:
ಬಳ್ಳಾರಿ ಜಾಲಿಗೂ ಇದೇ ಸಬೂಬು ಹೇಳುತ್ತೀರಿ ಎಂದು ಗೊತ್ತಿತ್ತು.

ಕಡಲತಡಿ:
ನಮ್ಮ ಭಾಷೆಯ ಮಾತುಗಳು ಒಂದೂ ಇಲ್ಲವೇ ಈ ಲ್ಯಾಟಿನ್ ಹೆಸರುಗಳಲ್ಲಿ?

ಸೊಪ್ಪಿನಬೆಟ್ಟ:
ಇವೆ. ನಮ್ಮ ಉತ್ತರ ಕನ್ನಡದ ಹಳ್ಳದ ಕಪ್ಪೆಯೊಂದಕ್ಕೆ 2014ರಲ್ಲಿ ನಿಕ್ಟಿಬಟ್ರಾಕಸ್ ಕುಂಬಾರ ಎಂದು ಹೆಸರಿಟ್ಟರು. ಗಂಡು ಕಪ್ಪೆ ಕೈಯಲ್ಲಿ ಹಸಿ ಮಣ್ಣು ತೆಗೆದು ಮೊಟ್ಟೆಗಳಿಗೆ ಮೆತ್ತುತ್ತದೆ, ಅದಕ್ಕೆ ಕುಂಬಾರ. ರಾತ್ರಿ ಹೊತ್ತು ಹಳ್ಳದ ದಡದಲ್ಲಿ ಕೂತು ನೋಡಿದರೆ ನಂಬಲಾಗದ ಕೆಲಸ ಅದು. ಒಂದೇ ಒಂದು ಪದ, ಮತ್ತೆ ವಿವರಣೆ ಬೇಡ.

ಕಡಲತಡಿ:
ಇದನ್ನು ಕೇಳಿ ಹೊಟ್ಟೆ ತಂಪಾಯಿತು.

ಜೀವಜಾಲ:
ಇನ್ನೊಂದು ನಿಮ್ಮ ಅಡುಗೆಮನೆಯಲ್ಲೇ ಇದೆ. ಬಸಳೆಯ ಜಾತಿಯ ಹೆಸರು ಬಸೆಲ್ಲಾ. ಹದಿನೇಳನೆಯ ಶತಮಾನದಲ್ಲಿ ಡಚ್ಚರು ಮಲಬಾರಿನ ಗಿಡಗಳ ಬಗ್ಗೆ ಹನ್ನೆರಡು ಸಂಪುಟಗಳನ್ನು ಮಾಡಿಸಿದಾಗ ಅಲ್ಲಿಯ ಹೆಸರುಗಳನ್ನು ಬರೆದುಕೊಂಡರು. ಲಿನ್ನೇಯಸ್ ಅವುಗಳಲ್ಲಿ ಹಲವನ್ನು ಎತ್ತಿಕೊಂಡ. ಮಲಯಾಳದ ಮಾತು, ಆದರೆ ನಮ್ಮ ಬಸಳೆಯ ಒಡಹುಟ್ಟಿದ್ದೇ. ಸಂಪಿಗೆಯಲ್ಲಿ ಚಂಪಕ ಇದೆ. ಅದೂ ಮಿಶೆಲಿಯಾ 'ಚಂಪಕಾ' ಇದ್ದದ್ದು ಈಗ ಮ್ಯಾಗ್ನೋಲಿಯಾ 'ಚಂಪಕಾ'. ಜಾತಿ ಬದಲಾದರೂ ಚಂಪಕ ಬಿಟ್ಟುಹೋಗಲಿಲ್ಲ.

ಕಡಲತಡಿ:
ಬಸಳೆ, ಸಿಗಡಿ ಹಾಕಿದ ಸಾರಿಗೆ ಇನ್ನು ಮೇಲೆ ಲ್ಯಾಟಿನ್ ಸಾರು ಎನ್ನುತ್ತೇನೆ.

ಪ್ರಶ್ನೆಪತ್ರಿಕೆ:
ನಾಗರಹಾವಿಗೆ ನಾಜಾ ನಾಜಾ, ಚುಕ್ಕೆ ಜಿಂಕೆಗೆ ಆಕ್ಸಿಸ್ ಆಕ್ಸಿಸ್. ಗಿಡಗಳಿಗೂ ಹೀಗೆ ಒಂದೇ ಪದ ಎರಡು ಸಲ ಇಡಬಹುದೇ? ಪರೀಕ್ಷೆಗೆ ಓದುತ್ತಿದ್ದೇನೆ.

ಜೀವಜಾಲ:
ಇಡುವಂತಿಲ್ಲ. ಪ್ರಾಣಿಗಳ ನಿಯಮಾವಳಿಯೇ ಬೇರೆ, ಸಸ್ಯಗಳದ್ದೇ ಬೇರೆ. ಹಾಗಾಗಿ ಮೋರಸ್ ಎಂದರೆ ಹಿಪ್ಪುನೇರಳೆಯೂ ಹೌದು, ಒಂದು ಬಗೆಯ ಕಡಲಹಕ್ಕಿಯೂ ಹೌದು. ಇಬ್ಬರೂ ತಮ್ಮ ತಮ್ಮ ಊರಿನಲ್ಲಿದ್ದಾರೆ, ಜಗಳವಿಲ್ಲ.

ಕಾವೇರಿ ತೀರ:
ಹೆಸರಿನಿಂದ ಏನು ಪ್ರಯೋಜನ ಎಂದು ಮುಳ್ಳುಬೇಲಿಯವರು ಕೇಳುತ್ತಿದ್ದಾರೆ. ಕಾವೇರಿಯ ಬೆನ್ನುಬ್ಬಿದ ಮಹಶೀರ್ ಮೀನನ್ನು ನೋಡಿ. ಕಿತ್ತಳೆ ಬಣ್ಣದ ರೆಕ್ಕೆ, ಆಳೆತ್ತರ. 1946ರಲ್ಲಿ ಕಬಿನಿಯಲ್ಲಿ ಹಿಡಿದದ್ದು 54 ಕಿಲೋ ತೂಗಿತ್ತು. ಗಾಳ ಹಾಕುವವರಿಗೆಲ್ಲ ಗೊತ್ತಿದ್ದ ಮೀನು, ಆದರೆ 2018ರವರೆಗೆ ಅದಕ್ಕೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಹೆಸರಿಲ್ಲದ್ದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸುವುದು ಹೇಗೆ? ಕೇರಳದ ಪಾಂಬಾರ್ ಹೊಳೆಯ ಮೀನಿಗೆ ಇಟ್ಟಿದ್ದ ಟಾರ್ ರೆಮಾದೇವಿ ಎಂಬ ಹೆಸರೇ ಇದರದ್ದೂ ಹೌದು ಎಂದು ಆ ವರ್ಷ ತೋರಿಸಿದರು. ಆಮೇಲೆ ತಾನೇ ಅದು ತೀವ್ರ ಅಪಾಯದಲ್ಲಿದೆ ಎಂದು ಪಟ್ಟಿಯಲ್ಲಿ ಬಂದದ್ದು. ರೇಷನ್ ಕಾರ್ಡ್ ಇಲ್ಲದವರಿಗೆ ಅಕ್ಕಿ ಇಲ್ಲ, ಅಷ್ಟೇ.

ಮುಳ್ಳುಬೇಲಿ:
ಈ ಒಂದು ಉತ್ತರಕ್ಕೆ ನನ್ನ ಹತ್ತಿರ ಮರುಮಾತಿಲ್ಲ. ಆದರೂ ನೆಲ್ಟುಮಾ ಎಂದು ನಾನು ಹೇಳುವುದಿಲ್ಲ.

ಬಯಲುಸೀಮೆ ಮೇಷ್ಟ್ರು:
ತೋಟದಮನೆಯವರ ಮಗಳಿಗೆ ಒಂದು ಸಲಹೆ. ಹೊಸ ಹೆಸರು ಬರೆದು ಕೆಳಗೆ "ಸಮಾನಾರ್ಥಕ ಹೆಸರು: ಅಕೇಸಿಯಾ ನಿಲೋಟಿಕಾ" ಎಂದು ಸೇರಿಸಲಿ. ಹರ್ಬೇರಿಯಂ ಹಾಳೆಯಲ್ಲಿ ಅದು ಒಪ್ಪಿತ ಕ್ರಮ, ಯಾರ ಮುಖವೂ ಕೆಡುವುದಿಲ್ಲ. ಲಂಡನ್ನಿನ ಕ್ಯೂ ಉದ್ಯಾನದವರ ಸಸ್ಯಕೋಶ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಅದರ ಪುಟವನ್ನು ಮುದ್ರಿಸಿ ಜೊತೆಗೆ ಒಯ್ಯಲಿ. ವಾದ ಮಾಡಬೇಡ, "ಸರ್, ಇದನ್ನು ಒಮ್ಮೆ ನೋಡುತ್ತೀರಾ" ಎಂದು ಕೇಳು ಎನ್ನಿ. ಮೇಷ್ಟ್ರುಗಳ ಸ್ವಭಾವ ನನಗೆ ಗೊತ್ತು.

ತೋಟದಮನೆ:
ವಾರದ ಬಳಿಕ ಬಂದು ಬರೆಯುತ್ತಿದ್ದೇನೆ. ಗುಡ್ಡದಲ್ಲಿ ಸಸಿ ಸಿಕ್ಕಿತು, ಸೊಪ್ಪಿನಬೆಟ್ಟದವರು ಹೇಳಿದಂತೆಯೇ ಕೆಳಗೆ ಪುಟ್ಟ ಎಲೆ, ಮೇಲೆ ಚಪ್ಪಟೆ ತೊಟ್ಟು. ಅದನ್ನೂ ಒಣಗಿಸಿ ಇಪ್ಪತ್ತಾರನೆಯ ಹಾಳೆ ಮಾಡಿದಳು. ಮೇಷ್ಟ್ರು ಹೇಳಿಕೊಟ್ಟ ಮಾತಿನಲ್ಲೇ ಉಪನ್ಯಾಸಕರನ್ನು ಕೇಳಿದಳು. ಅವರು ಪುಟ ಓದಿ, ಜೋಡಿ ಮುಳ್ಳು ನೋಡಿ, "ನನಗೆ ಇದು ತಿಳಿದಿರಲಿಲ್ಲ, ಒಳ್ಳೆಯದಾಯಿತು" ಎಂದು ಕಳೆದ ಅಂಕವನ್ನು ವಾಪಸು ಕೊಟ್ಟರಂತೆ. ದೊಡ್ಡ ಮನಸ್ಸು.

ಆಮೇಲೆ ಅದೇ ಪೆನ್ನಿನಲ್ಲಿ ಅರ್ಧ ಅಂಕ ಕಳೆದರು. ಕೈಬರಹದಲ್ಲಿ ಹೆಸರಿನ ಎರಡು ಪದಗಳ ಕೆಳಗೂ ಬೇರೆ ಬೇರೆಯಾಗಿ ಗೆರೆ ಎಳೆಯಬೇಕಂತೆ. ಇವಳು ಎಳೆದಿರಲಿಲ್ಲ.

ಬಯಲುಸೀಮೆ ಮೇಷ್ಟ್ರು:
ಅದಕ್ಕೆ ನಾನಾಗಿದ್ದರೂ ಕಳೆಯುತ್ತಿದ್ದೆ.